ಒಂದು ಗಂಟೆಯ ಎಂಜಿನಿಯರ್

ಬೆಳಿಗ್ಗೆ ಒಂಬತ್ತೂವರೆಗೆ ಮಾಲೂರಿನಿಂದ ಎಂಜಿನಿಯರ್ ಅಮರನಾಥ್ ಫೋನ್ ಮಾಡಿದಾಗ ಮುರಳಿಮೋಹನ್ ಮೇಷ್ಟ್ರು ಶಾಲೆಯ ಗೇಟಿನಲ್ಲಿ ಬೀಗರನ್ನು ಎದುರುಗೊಳ್ಳುವ ಮಾವನಂತೆ ನಿಂತಿದ್ದರು. ಒಂದು ಕೈಯಲ್ಲಿ ಶಾಲು, ಇನ್ನೊಂದರಲ್ಲಿ ಸೇವಂತಿಗೆ ಹಾರ. ಫೋನ್ ಎತ್ತಲು ಕೈ ಖಾಲಿಯಿಲ್ಲದೆ ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡರು.

"ಸಾರ್, ಮಷೀನ್ ಕೆಟ್ಟು ನಿಂತ್ಬಿಟ್ಟಿದೆ. ಫ್ಯಾಕ್ಟರಿ ಬಿಟ್ಟು ಅಲ್ಲಾಡೋ ಹಾಗಿಲ್ಲ. ಮುಂದಿನ ತಿಂಗಳು ನೋಡೋಣ."

ಮುಂದಿನ ತಿಂಗಳು! ಮಕ್ಕಳಿಗೆ ಸ್ಫೂರ್ತಿ ತುಂಬಲು ಪ್ರತಿ ಶಾಲೆಗೂ ಒಬ್ಬ ಎಂಜಿನಿಯರನ್ನು ಕರೆಸಿ, ಒಂದು ಗಂಟೆ ಮಾತಾಡಿಸಿ, ಇವತ್ತು ಸಂಜೆ ನಾಲ್ಕರೊಳಗೆ ಫೋಟೋ ಕಳಿಸಬೇಕೆಂದು ಸುತ್ತೋಲೆ ಬಂದಿತ್ತು. ಯಲ್ದೂರಿನ ಆಚೆಯ ಆ ಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರು ಇವರೊಬ್ಬರೇ ಆದ್ದರಿಂದ ಹೊಣೆ ಇವರ ತಲೆಗೇ ಬಂದಿತ್ತು. ತಪ್ಪಿದರೆ ನೋಟಿಸೂ ಇವರಿಗೇ.

ಹೆಡ್ ಮೇಡಂ ಶಾಮಲಮ್ಮ ಹೊರಗೆ ಬಂದರು. "ಎಂಜಿನಿಯರ್ ಎಲ್ರೀ? ಹಾರ ನೀವ್ಯಾಕೆ ಹಾಕ್ಕೊಂಡಿದೀರ?"

"ಅವ್ರು ಬರಲ್ಲಂತೆ ಮೇಡಂ."

"ಬರಲ್ಲ ಅಂದ್ರೆ? ನಾನು ಆಗ್ಲೇ ಗ್ರೂಪಿಗೆ 'ಕಾರ್ಯಕ್ರಮ ಆರಂಭ' ಅಂತ ಹಾಕ್ಬಿಟ್ಟಿದೀನಲ್ರೀ!"

ಹನ್ನೊಂದರವರೆಗೆ ಮೇಷ್ಟ್ರು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದರು. ಕೋಲಾರದವರು ಮೀಟಿಂಗಿನಲ್ಲಿದ್ದರು, ಮುಳಬಾಗಿಲಿನವರು ರಜೆಯಲ್ಲಿದ್ದರು. ಅಷ್ಟರಲ್ಲಿ ಬಿಸಿಯೂಟದ ಅಮೀನಾ ಬೀ ಸೌಟು ಹಿಡಿದೇ ಬಂದು, "ಅದಕ್ಯಾಕೆ ಸಾರ್ ಇಷ್ಟು ಒದ್ದಾಟ? ನಮ್ಮಣ್ಣನ ಅಂಗಡಿ ಬೋರ್ಡ್ ಮೇಲೇ ಎಂಜಿನಿಯರಿಂಗ್ ಅಂತ ಬರ್ದಿದೆಯಲ್ಲ!" ಎಂದಳು.

ಮೇಷ್ಟ್ರು ಬೇಡವೆನ್ನುವಷ್ಟರಲ್ಲಿ ಅವಳ ಅಣ್ಣ, ಬೋರ್‌ವೆಲ್ ಮೋಟಾರ್ ರಿಪೇರಿಯ ಜಾನ್ ಪಾಷಾ, ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು, ಮಗುವನ್ನು ಎತ್ತಿಕೊಂಡಂತೆ ಒಂದು ಮೋಟಾರನ್ನು ಎತ್ತಿಕೊಂಡು ಬಂದೇಬಿಟ್ಟ. ಮೋಟಾರ್ ಯಾಕೆ ಸುಡುತ್ತದೆ ಎಂದು ಅವನು ಹೇಳತೊಡಗಿದರೆ ಮಕ್ಕಳು ಉಸಿರು ಬಿಡಲಿಲ್ಲ. ಮೇಷ್ಟ್ರೇ ಒಂದೆರಡು ಮಾತು ಬರೆದುಕೊಂಡರು.

"ಈಗ ತೋರಿಸ್ತೀನಿ ನೋಡಿ ಮಕ್ಳಾ," ಎಂದು ಅವನು ಸ್ವಿಚ್ ಹಾಕಿದ. ಮೋಟಾರು ಒಮ್ಮೆ ಗುರ್ರೆಂದಿತು. ಶಾಲೆಯ ಫ್ಯೂಸು ಢಬ್ಬೆಂದಿತು. ಫ್ಯಾನು, ಕಂಪ್ಯೂಟರು, ಮೇಡಂ ಕೋಣೆಯ ಬೆಲ್ಲು ಎಲ್ಲವೂ ಸತ್ತವು.

ಶಾಮಲಮ್ಮ ಕತ್ತಲ ಕೋಣೆಯಿಂದಲೇ ಕೂಗಿದರು: "ಅವರು ಬಿ.ಇ. ಓದಿದಾರೇನ್ರೀ? ಫಾರಂನಲ್ಲಿ ಡಿಗ್ರಿ ತುಂಬಬೇಕು!"

ಜಾನ್ ಪಾಷಾ ಓದಿದ್ದು ಏಳನೇ ಕ್ಲಾಸು. ಅವನ ಫೋಟೋ ನಡೆಯಲಿಲ್ಲ. ಪಾಪ, ಫ್ಯೂಸು ಹಾಕಿಕೊಟ್ಟು ಹೋದ.

ಮಧ್ಯಾಹ್ನ ಎರಡೂವರೆಗೆ ಶಾಲಾ ಸಮಿತಿಯ ಅಧ್ಯಕ್ಷ ಅಶ್ವತ್ಥಪ್ಪ ಬೈಕಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬಂದ. "ಏನ್ ಮೇಷ್ಟ್ರೇ, ಎಂಜಿನಿಯರ್ ಸಿಗಲ್ಲ ಅಂತ ಅಳ್ತಿದೀರಂತೆ? ತಗೊಳ್ಳಿ! ಚರಂಡಿ ಅಳೆಯೋಕೆ ಬಂದಿದ್ರು, ಹಿಡ್ಕೊಂಡ್ ಬಂದೆ."

ಬಂದವರು ಜೂನಿಯರ್ ಎಂಜಿನಿಯರ್ ಅನಿಲ್‌ಕುಮಾರ್. ಅಪ್ಪಟ ಬಿ.ಇ. ಮುರಳಿಮೋಹನ್ ಬಾಡಿದ ಹಾರವನ್ನು ಅವರ ಕೊರಳಿಗೆ ಹಾಕಿದರು.

ಅನಿಲ್‌ಕುಮಾರ್ ಹತ್ತನೇ ಕ್ಲಾಸಿನ ಮುಂದೆ ನಿಂತು, "ಚೆನ್ನಾಗಿ ಓದಿ, ಮುಂದೆ ಬನ್ನಿ," ಎಂದರು. ಬೆವರು ಒರೆಸಿಕೊಂಡು ಇನ್ನೊಮ್ಮೆ ಅದನ್ನೇ ಹೇಳಿದರು. ಅಲ್ಲಿಗೆ ಅವರ ಸರಕು ಮುಗಿಯಿತು. ಗಂಟೆಯಲ್ಲಿ ಇನ್ನೂ ಐವತ್ತೆಂಟು ನಿಮಿಷ ಉಳಿದಿತ್ತು.

"ಪ್ರಶ್ನೆ ಕೇಳ್ರೋ!" ಎಂದು ಮೇಷ್ಟ್ರು ಹಲ್ಲು ಕಚ್ಚಿ ಪಿಸುಗುಟ್ಟಿದರು.

ಚಂದನ ಎದ್ದಳು. "ಸಾರ್, ಒಂದು ಗೋಡೆ ಗಟ್ಟಿಯಾಗಿದೆಯೋ ಇಲ್ವೋ ಅಂತ ಎಂಜಿನಿಯರ್‌ಗೆ ಹೆಂಗೆ ಗೊತ್ತಾಗುತ್ತೆ?"

ಅನಿಲ್‌ಕುಮಾರ್ ಮುಖ ಒಮ್ಮೆಗೇ ಅರಳಿತು. "ಒಳ್ಳೇ ಪ್ರಶ್ನೆ ಕಣಮ್ಮ!" ಎಂದು ಜೇಬಿನಿಂದ ಕೀ ಗೊಂಚಲು ತೆಗೆದು ಗೋಡೆಗೆ ಟಕ್ ಟಕ್ ಎಂದು ಬಡಿದರು. ಟೊಳ್ಳು ಸದ್ದು. ಇನ್ನೊಂದು ಕಡೆ ಬಡಿದರು. ಮಂಚದಗಲದ ಗಾರೆ ಕಳಚಿ ಧೊಪ್ಪೆಂದು ಮೇಜಿನ ಮೇಲೆ ಬಿತ್ತು. ಅನಿಲ್‌ಕುಮಾರ್ ತಲೆಯೆತ್ತಿ ಸೂರು ನೋಡಿದರು. ತುಕ್ಕು ಹಿಡಿದ ಕಂಬಿಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು.

"ಎಲ್ರೂ ಆಚೆಗೆ ನಡೀರಿ, ಬೇಗ!"

ಆಮೇಲೆ ಅವರನ್ನು ಹಿಡಿಯುವವರಿಲ್ಲ. ಒಂಬತ್ತನೇ ಕ್ಲಾಸು, ಎಂಟನೇ ಕ್ಲಾಸು, ಮೇಡಂ ಕೋಣೆ ಎಲ್ಲವನ್ನೂ ಬಡಿದುನೋಡಿದರು. ಹಿಂದೆ ಮಕ್ಕಳ ದಂಡು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಲ್ಲು. "ಸಾರ್, ಇಲ್ಲೂ ಟೊಳ್ಳು! ಸಾರ್, ಇಲ್ಲಿ ನೋಡಿ!" ಸ್ಫೂರ್ತಿಯೆಂದರೆ ಅಂಥ ಸ್ಫೂರ್ತಿ. ಮುರಳಿಮೋಹನ್ ಗಾರೆಯ ಧೂಳಿನಲ್ಲಿ ಕೆಮ್ಮುತ್ತಲೇ ಫೋಟೋ ತೆಗೆದು ಮೂರು ಐವತ್ತೆಂಟಕ್ಕೆ ಕಳಿಸಿದರು. ಗ್ರೂಪಿನಲ್ಲಿ ಚಪ್ಪಾಳೆಗಳ ಸುರಿಮಳೆ.

ಅವರು ನಿಟ್ಟುಸಿರು ಬಿಡುವ ಮೊದಲೇ ಅನಿಲ್‌ಕುಮಾರ್ ವರದಿ ಬರೆದು ಸಹಿ ಹಾಕಿದ್ದರು: ರಿಪೇರಿಯಾಗುವ ತನಕ ಈ ಕಟ್ಟಡದಲ್ಲಿ ಮಕ್ಕಳು ಕೂರಕೂಡದು.

"ಹಂಗಾದ್ರೆ ನಾಳೆ ಸ್ಕೂಲು ಎಲ್ಲಿ ನಡ್ಸೋದು?" ಎಂದು ಶಾಮಲಮ್ಮ ತಲೆಯ ಮೇಲೆ ಕೈಹೊತ್ತರು.

"ಊರಲ್ಲಿ ಗಟ್ಟಿ ಮನೆ ಯಾವುದಿದೆ?" ಎಂದು ಅನಿಲ್‌ಕುಮಾರ್ ಕೇಳಿದರು.

"ನಂದೇ ಒಂದೈತೆ ಸಾರ್," ಎಂದು ಅಶ್ವತ್ಥಪ್ಪ ಎದೆ ಸೆಟೆಸಿದ. "ಹೋದ ವರ್ಷ ಮೋಲ್ಡ್ ಹಾಕ್ಸಿದ್ದು. ಮಕ್ಕಳಿಗೋಸ್ಕರ ಇವತ್ತೇ ಬಿಟ್ಟುಕೊಟ್ಟೆ!" ಎಲ್ಲರೂ ಚಪ್ಪಾಳೆ ತಟ್ಟಿದರು.

ತಟ್ಟದವರು ಮುರಳಿಮೋಹನ್ ಒಬ್ಬರೇ. ಆ ಮನೆಯಲ್ಲಿ ಬಾಡಿಗೆಗಿದ್ದವರು ಅವರೇ. ಹತ್ತೇ ನಿಮಿಷಕ್ಕೆ ಹೆಂಡತಿ ಗಂಗರತ್ನಮ್ಮನ ಫೋನು ಬಂತು. "ರೀ, ಮಕ್ಕಳು ಬೆಂಚು ಹೊತ್ಕೊಂಡು ಬಂದು ನಿಂತವ್ರೆ! ನಮ್ ಹಾಲ್ ಹತ್ತನೇ ಕ್ಲಾಸಿಗೆ, ಅಡುಗೆಮನೆ ಎಂಟನೇ ಕ್ಲಾಸಿಗಂತೆ. ಯಾರ್ರೀ ಇದನ್ನೆಲ್ಲ ಮಾಡಿದ್ದು?"

ಮೇಷ್ಟ್ರು ಅಶ್ವತ್ಥಪ್ಪನ ಕಡೆ ತಿರುಗಿದರು. "ನಾವೆಲ್ಲಿಗೆ ಹೋಗೋಣ ಸ್ವಾಮಿ?"

ಅಶ್ವತ್ಥಪ್ಪ ವರದಿಯನ್ನು ಇಸಿದುಕೊಂಡು ಎರಡು ಸಲ ಓದಿದ.

"ಸ್ಕೂಲು ಖಾಲಿನೇ ಐತಲ್ಲ ಮೇಷ್ಟ್ರೇ. ಮಕ್ಕಳು ಕೂರ್ಬಾರ್ದು ಅಂತ ಬರ್ದವ್ರೆ. ಮೇಷ್ಟ್ರ ವಿಚಾರ ಏನೂ ಬರ್ದಿಲ್ಲ."