ಟ್ಯಾಂಕಿನ ಬಾಯಿ ಕಿರಿದಾದ ಬಗ್ಗೆ

“ಟ್ಯಾಂಕು ಸಣ್ಣ ಆಗಿದೆ ಅಂತ ಬರೆದುಕೊಡಿ ಅಣ್ಣ, ಈಗಲೇ ಕೊಯ್ತೀನಿ. ನೀವು ದಪ್ಪ ಆಗಿದೀರಿ ಅಂತಾದ್ರೆ ಅದು ನನ್ನ ವಿಭಾಗಕ್ಕೆ ಬರಲ್ಲ” ಎಂದು ನಮ್ಮ ದೋಣಿಯ ಮೆಕ್ಯಾನಿಕ್ ಈಗಷ್ಟೇ ಟ್ಯಾಂಕಿನ ಬಾಯಿಗೆ ಮುಖವಿಟ್ಟು ಹೇಳಿ, ಎರಡು ಹಾಳೆ, ಒಂದು ಪೆನ್ಸಿಲು, ಒಂದು ಟಾರ್ಚು ಒಳಗೆ ಇಳಿಬಿಟ್ಟ ಕಾರಣ, ಈ ಅರ್ಜಿಯನ್ನು ಟ್ಯಾಂಕಿನ ಒಳಗಿನಿಂದಲೇ ಬರೆದು ಸಲ್ಲಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನನ್ನ ಮೊಣಕಾಲೇ ಮೇಜಾಗಿರುವುದು ಅದಕ್ಕೆ ಕಾರಣವೆಂದು ತಿಳಿಯುವುದು.

ಇಂದ:
ಸಿಹಿನೀರಿನ ಟ್ಯಾಂಕಿನ ನಿರ್ವಾಹಕ,
ಆಳ ಅಳೆಯುವ ದೋಣಿ, ಸಂಖ್ಯೆ ಮೂರು
(ಸದ್ಯದ ವಿಳಾಸ: ಸದರಿ ಟ್ಯಾಂಕು, ಎಡಮೂಲೆ)

ಗೆ:
ಮೇಲ್ವಿಚಾರಕರು, ದೋಣಿ ವಿಭಾಗ,
ಜೆಟ್ಟಿ ಕಚೇರಿ, ಮೇಲಿನ ಮಹಡಿ

ವಿಷಯ: ಟ್ಯಾಂಕಿನ ಬಾಯಿ ತಾನಾಗಿಯೇ ಕಿರಿದಾಗಿರುವುದರಿಂದ ಅದನ್ನು ಎರಡು ಅಂಗುಲ ಅಗಲಿಸಿ, ಇದನ್ನು ಟ್ಯಾಂಕಿನ ದೋಷವೆಂದೇ ದಾಖಲಿಸುವ ಬಗ್ಗೆ.

ಉಲ್ಲೇಖ:
(ಅ) ಟ್ಯಾಂಕು ನಿರ್ವಹಣೆಯ ಒಂಬತ್ತು ಸೂಚನೆಗಳು. ನಾನೇ ಕೆಂಪು ಬಣ್ಣದಲ್ಲಿ ಬರೆದು ಕ್ಯಾಬಿನ್ನಿನ ಗೋಡೆಗೆ ತೂಗುಹಾಕಿದ್ದು.
(ಆ) ನಿನ್ನೆ ಸಂಜೆ ಮೆಟ್ಟಿಲಿಳಿಯುತ್ತ ತಾವು ನೀಡಿದ ಮೌಖಿಕ ಆದೇಶ: “ನಾಳೆ ಸಂಜೆಯೊಳಗೆ ಟ್ಯಾಂಕು ತುಂಬಿರಬೇಕು. ನಾಡಿದ್ದು ಬೆಳಗ್ಗೆ ಆರಕ್ಕೆ ಹೊರಡೋದು.”
(ಇ) ಮೂರು ತಿಂಗಳ ಹಿಂದೆ ನನ್ನ ಪ್ಯಾಂಟು ಬಿಚ್ಚಿ ಹೊಲಿಯುತ್ತ ನನ್ನ ಹೆಂಡತಿ ನೀಡಿದ ಎಚ್ಚರಿಕೆ: “ಸೊಂಟ ಎರಡು ಅಂಗುಲ ಬಿಟ್ಟಿದೀನಿ ರೀ. ಇನ್ನು ಬಿಡೋಕೆ ಬಟ್ಟೆ ಇಲ್ಲ.”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು ಹತ್ತೊಂಬತ್ತು ವರ್ಷಗಳಿಂದ ಸದರಿ ದೋಣಿಯ ಕ್ಯಾಬಿನ್ನಿನ ನೆಲದಡಿಯ ಆರುನೂರು ಲೀಟರಿನ ಟ್ಯಾಂಕನ್ನು ತೊಳೆದುಕೊಂಡು ಬಂದಿರುತ್ತೇನೆ. ಆರು ತಿಂಗಳಿಗೊಮ್ಮೆ ನೀರೆಲ್ಲ ಬಸಿದು, ಮುಚ್ಚಳ ತೆಗೆದು ಒಂದು ದಿನ ಗಾಳಿಗೆ ಬಿಟ್ಟು, ಕೈಕಾಲು ತೊಳೆದು, ಒಗೆದ ಬಟ್ಟೆ ತೊಟ್ಟು ಒಳಗಿಳಿಯುತ್ತೇನೆ. ಮೂಲೆಗಳ ಲೋಳೆಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ ಹೊರಬಂದು, ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ನಾಲ್ಕು ಗಂಟೆ ನಿಲ್ಲಿಸಿ, ಬಸಿದು, ಮೂರು ಸಲ ಜಾಲಾಡಿಸಿ, ಮತ್ತೆ ಗಾಳಿಗೆ ಬಿಟ್ಟು, ಕೊನೆಗೊಮ್ಮೆ ಇಳಿದು ಬಿಳಿ ಬಟ್ಟೆಯಲ್ಲಿ ತಳ ಒರೆಸುತ್ತೇನೆ. ಬಟ್ಟೆ ಬಿಳಿಯಾಗಿಯೇ ಹೊರಗೆ ಬಂದರೆ ಪಾಸು. ಈ ಸಲವೂ ಬಟ್ಟೆ ಬಿಳಿಯಾಗಿಯೇ ಹೊರಗೆ ಬಂದಿದೆ. ಒರೆಸಿದವನು ಬಂದಿಲ್ಲ.

2. ಹತ್ತು ದಿನ ಉಪ್ಪುನೀರಿನ ಮೇಲಿರುವ ಆರು ಜನರ ಗಂಟಲಿಗೆ ಇಳಿಯುವ ಪ್ರತಿ ಗುಟುಕೂ ನನ್ನ ಕೈ ದಾಟಿಯೇ ಹೋಗಬೇಕು. ಕಳೆದ ಸಲ ಚುಕ್ಕಾಣಿ ಹಿಡಿಯುವ ಹಿರಿಯರು ದೊಡ್ಡ ಲೋಟ ಖಾಲಿ ಮಾಡಿ, ಸ್ವಲ್ಪ ಯೋಚಿಸಿ, “ಏನೂ ರುಚಿ ಇಲ್ಲ ಕಣಯ್ಯ” ಎಂದರು. ಅಡುಗೆಯವರಿಗೆ ಹೀಗೆಂದರೆ ಅವರು ಸೌಟು ಎತ್ತುತ್ತಾರೆ. ನಾನು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

3. ಈ ದಿನ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ, ತಳ ಒರೆಸುವ ಕೊನೆಯ ಸುತ್ತಿಗೆ, ಎಂದಿನ ಕ್ರಮದಲ್ಲಿ, ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಒಂದು ಭುಜ ಎತ್ತಿ ಇನ್ನೊಂದು ಭುಜ ತಗ್ಗಿಸಿ ಒಳಗಿಳಿದೆ. ಸೊಂಟದ ಹತ್ತಿರ ಸ್ವಲ್ಪ ಮಾತುಕತೆಯಾಯಿತು; ಆದರೆ ಇಳಿಯುವಾಗ ದೇಹದ ಭಾರ ನನ್ನ ಪರವಾಗಿತ್ತು. ಹತ್ತುವಾಗ ಅದೇ ಭಾರ ಟ್ಯಾಂಕಿನ ಪರ ಸೇರಿಕೊಂಡಿತು.

4. ನಡುವೆ ಊಟದ ವಿಷಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಮಧ್ಯಾಹ್ನ ಒಂದು ಗಂಟೆಗೆ ನನ್ನ ಹೆಂಡತಿ, ಅಂದರೆ ಜೆಟ್ಟಿಯ ಎದುರು ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವಳು, ಡಬ್ಬಿ ತಂದಳು. ಹೊರಬಂದರೆ ಮತ್ತೆ ಕಾಲು ತೊಳೆಯಬೇಕು, ಮತ್ತೆ ಬಟ್ಟೆ ಬದಲಿಸಬೇಕು. ಟ್ಯಾಂಕಿನೊಳಗೆ ತಿನ್ನಬಾರದೆಂದು ನನ್ನದೇ ಆರನೇ ಸೂಚನೆ ಇದೆ. ಆದ್ದರಿಂದ ಮಂಡಿಯೂರಿ ತಲೆಯನ್ನು ಮಾತ್ರ ಟ್ಯಾಂಕಿನ ಬಾಯಿಯಿಂದ ಹೊರಗಿಟ್ಟೆ. ಆಕೆ ನೆಲದ ಮೇಲೆ ಕೂತು ತುತ್ತು ಕೊಟ್ಟಳು. ಒಂದು ಚೂರೂ ಒಳಗೆ ಬಿದ್ದಿಲ್ಲ. ಎಲ್ಲ ನನ್ನೊಳಗೇ ಬಿದ್ದಿದೆ. ಅದು ಎರಡು ಆಳಿನ ಊಟವಾಗಿತ್ತೆಂದು ಮೆಕ್ಯಾನಿಕ್ ಸಾಕ್ಷಿ ಹೇಳಲು ಬಂದರೆ, ಡಬ್ಬಿಯ ಕೆಳಗಿನ ಭಾಗವನ್ನು ಖಾಲಿ ಮಾಡಿದವನು ಆತನೇ ಎಂದು ತಮ್ಮ ಗಮನಕ್ಕೆ ತರುತ್ತೇನೆ.

5. ಎರಡು ಗಂಟೆಗೆ ಮೇಲೇಳಲು ಹೋದಾಗ ಎದೆ ಬಂತು, ಸೊಂಟ ಬರಲಿಲ್ಲ. ಮತ್ತೆ ಕೂತೆ. ಮತ್ತೆ ಎದ್ದೆ. ಹೀಗೆ ಏಳು ಸಲ. ಮೇಲೆ ಡಬ್ಬಿ ತೊಳೆಯುತ್ತಿದ್ದ ಹೆಂಡತಿಯನ್ನು ಕೂಗಿದೆ. “ಹೋಗುವಾಗ ನನ್ನ ಕೇಳ್ಕೊಂಡು ಹೋದ್ರಾ? ಬರುವಾಗ ಯಾಕೆ ಕರೀತೀರಿ?” ಎಂದಳು. ಅಂಗಡಿಗೆ ಹೋಗಿ ಬಾಗಿಲು ಎಳೆದುಕೊಂಡು, ಕೊರಳಲ್ಲಿ ಅಳತೆಯ ಟೇಪು ಇದ್ದ ಹಾಗೇ ವಾಪಸು ಬಂದಳು. ನನಗೆ ಉಸಿರಾಟಕ್ಕೆ ಏನೂ ತೊಂದರೆಯಿಲ್ಲ. ಗಾಳಿ ಕೊಳವೆಯ ಜಾಲರಿಯನ್ನು ಕಳೆದ ವಾರವೇ ಬದಲಿಸಿದ್ದೇನೆ. ಅದರಲ್ಲಿ ಒಂದು ಜಿರಲೆಯೂ ಒಳಬರುವಂತಿಲ್ಲ. ಹೆಂಡತಿಯ ಮಾತು ಮಾತ್ರ ಬರುತ್ತಿದೆ.

6. ಮೆಕ್ಯಾನಿಕ್ ಒಂದು ಚೊಂಬು ಎಣ್ಣೆ ತಂದು, ಸೊಂಟಕ್ಕೆ ಸುರಿದರೆ ಹಾವಿನ ಹಾಗೆ ಜಾರಿ ಬರುತ್ತೀರಿ ಎಂದ. ಕ್ಯಾಬಿನ್ನಿನ ಗೋಡೆಯ ಮೇಲಿನ ನಾಲ್ಕನೇ ಸೂಚನೆ ಓದು ಎಂದೆ. ಓದಿದ: “ಟ್ಯಾಂಕಿನೊಳಗೆ ಸಾಬೂನು, ಎಣ್ಣೆ ಎಂದಿಗೂ ಸಲ್ಲದು. ಎಂದಿಗೂ.” ಎರಡನೇ ‘ಎಂದಿಗೂ’ ಕೆಳಗೆ ಗೆರೆ ಎಳೆದವನು ನಾನೇ. ತಾವೇ ಪರಿಶೀಲಿಸಬೇಕು: ಎಣ್ಣೆ ಸುರಿದರೆ ನಾನು ಹೊರಬರುತ್ತೇನೆ. ನಾನು ಹೊರಬಂದರೆ ಎಣ್ಣೆ ಒಳಗೆ ಉಳಿಯುತ್ತದೆ. ಎಣ್ಣೆ ಉಳಿದರೆ ಟ್ಯಾಂಕನ್ನು ಮತ್ತೆ ತೊಳೆಯಬೇಕು. ತೊಳೆಯಲು ನಾನು ಮತ್ತೆ ಒಳಗಿಳಿಯಬೇಕು. ಇಳಿದರೆ ಮತ್ತೆ ಎಣ್ಣೆಯಿಲ್ಲದೆ ಹೊರಬರಲಾರೆ. ಆದ್ದರಿಂದ, ಸದರಿ ಎಣ್ಣೆಯಿಂದ ಒಂದು ಚೊಂಬು ಖಾಲಿಯಾಗುವುದನ್ನು ಬಿಟ್ಟರೆ ಇಲಾಖೆಗೆ ಬೇರೇನೂ ಪ್ರಯೋಜನವಿಲ್ಲ.

7. ಇನ್ನುಳಿದದ್ದು ಕೊಯ್ಯುವುದು. ಕೊಯ್ಯುವ ಯಂತ್ರ ತಯಾರಾಗಿದೆ. ಕಿಡಿ ತಾಗದಂತೆ ನನ್ನ ತಲೆಗೆ ಒದ್ದೆ ಗೋಣಿಚೀಲವೂ ತಯಾರಾಗಿದೆ. ಆದರೆ ಟ್ಯಾಂಕಿನ ಮೇಲೆ ಕಚೇರಿಯ ಸಂಖ್ಯೆ ಇರುವುದರಿಂದ ಬರಹದ ಆದೇಶ ಬೇಕು. ಟ್ಯಾಂಕು ಕಿರಿದಾಗಿದ್ದರೆ ರಿಪೇರಿ ವಿಭಾಗ. ನಾನು ಹಿರಿದಾಗಿದ್ದರೆ ಸಿಬ್ಬಂದಿ ವಿಭಾಗ. ಸಿಬ್ಬಂದಿ ವಿಭಾಗಕ್ಕೆ ಹೋದರೆ ಏನಾಗುತ್ತದೆಂದು ತಮಗೂ ಗೊತ್ತು, ನನಗೂ ಗೊತ್ತು. ಅಲ್ಲಿನ ನಿಯಮದಂತೆ, ನಿರ್ವಾಹಕನಾದವನು ಟ್ಯಾಂಕಿನೊಳಗೆ ತಾನೇ ಇಳಿದು ತಾನೇ ಹತ್ತಬಲ್ಲವನಾಗಿರಬೇಕು. ತಪ್ಪಿದಲ್ಲಿ ದಡದ ಕಡತಕೋಣೆಗೆ ಕಳಿಸತಕ್ಕದ್ದು.

8. ನನಗೆ ಕೆಲಸ ಕಲಿಸಿದ ಯಜಮಾನರು ಈಗ ಅದೇ ಕಡತಕೋಣೆಯಲ್ಲಿದ್ದಾರೆ. ರುಚಿ ನೋಡಲು ನೀರನ್ನು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹತ್ತು ಎಣಿಸಿ ನುಂಗುವುದನ್ನು ಕಲಿಸಿದವರು ಅವರು. ಮಂಡಿ ಬಗ್ಗದಾದ ವರ್ಷ ಅವರನ್ನು ದಡಕ್ಕೆ ಕಳಿಸಿದರು. ಹೋದ ತಿಂಗಳು ನೋಡಲು ಹೋಗಿದ್ದೆ. ಕಿಟಕಿಯ ಕಡೆ ಬೆನ್ನು ಹಾಕಿ ಕೂತಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಕ್ಯಾನಿನ ನೀರು. ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟರು. ಬಾಯಲ್ಲಿ ಹಿಡಿಯಲೂ ಇಲ್ಲ, ಎಣಿಸಲೂ ಇಲ್ಲ. ಹೇಗಿದೆ ನೀರು ಎಂದು ಕೇಳಿದೆ. “ನೀರು ನೀರಿನ ಹಾಗಿದೆ” ಎಂದರು. ಅದನ್ನು ಕೇಳಿದ ಮೇಲೆ ನಾನು ದಡಕ್ಕೆ ಹೋಗಲಾರೆ ಎಂದು ನಿರ್ಧರಿಸಿರುತ್ತೇನೆ. ಸದ್ಯದ ಪರಿಸ್ಥಿತಿಯಲ್ಲಿ ಆ ನಿರ್ಧಾರ ಸ್ವಲ್ಪ ಜಾಸ್ತಿಯೇ ಜಾರಿಯಲ್ಲಿದೆ.

9. ಈ ವಿಷಯದಲ್ಲಿ ನನ್ನ ಹೆಂಡತಿಯ ನಿಲುವು ಬೇರೆ ಎಂಬುದನ್ನೂ ದಾಖಲಿಸುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಆಕೆ, ದಡಕ್ಕೆ ಬನ್ನಿ, ಸಂಜೆ ಆರಕ್ಕೆ ಮನೆ ಸೇರುವ ಗಂಡ ನನಗೂ ಒಬ್ಬ ಇರಲಿ ಎನ್ನುತ್ತಿದ್ದಾಳೆ. ದೋಣಿ ಹೊರಟ ದಿನದಿಂದ ಹತ್ತು ದಿನ ಒಂದೇ ತಟ್ಟೆ ತೊಳೆಯುವ ಬೇಸರ ನಿಮಗೇನು ಗೊತ್ತು ಎನ್ನುತ್ತಾಳೆ. ಕಡತಕೋಣೆಗೆ ವರ್ಗ ಕೋರುವ ಅರ್ಜಿಯೊಂದನ್ನು ಆಕೆಯೇ ತುಂಬಿಸಿ ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟಿದ್ದಾಳೆ. ನನ್ನ ಸಹಿ ಒಂದು ಬಾಕಿ. ಇವತ್ತು ಅದನ್ನೂ ಜತೆಗೆ ತಂದಿದ್ದಾಳೆ. ಮೂರು ಗಂಟೆಯ ಹೊತ್ತಿಗೆ ಅದರ ಮೂಲೆ ಟ್ಯಾಂಕಿನ ಬಾಯಲ್ಲಿ ಇಣುಕಿತು. ನಾನು ಟಾರ್ಚು ಆರಿಸಿದೆ.

10. ಕೊನೆಗೆ ಅಳತೆಯ ವಿಷಯ. ಟ್ಯಾಂಕು ತಯಾರಾದಾಗಿನ ಕಾಗದದಲ್ಲಿ ಬಾಯಿ ಹದಿನೈದು ಅಂಗುಲ ಎಂದಿದೆ. ಮೆಕ್ಯಾನಿಕ್ಕಿನ ಹತ್ತಿರ ಇದ್ದದ್ದು ಹನ್ನೆರಡು ಅಂಗುಲದ ಸ್ಕೇಲು. ಆದ ಕಾರಣ ಹೆಂಡತಿಯ ಟೇಪಿಗೆ ಬರಬೇಕಾಯಿತು. ಆಕೆ ಕೆಲಸದಲ್ಲಿ ಎಂಥವಳೆಂದರೆ, ಸ್ವಂತ ಅಕ್ಕ ಮದುವೆಗೆ ಹೊಲಿಸುವಾಗ “ಒಂದಂಗುಲ ಕಮ್ಮಿ ಬರ್ಕೋಳೇ” ಎಂದು ಬೇಡಿಕೊಂಡರೂ ಬರೆದುಕೊಳ್ಳಲಿಲ್ಲ. ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದರು. ಅಂಥ ಟೇಪು ಬಾಯಿಯ ಮೇಲೆ ಅಡ್ಡಲಾಗಿ ಬಂತು. ಒಳಗಿನಿಂದ ನನಗೆ ಅದರ ಹಳದಿ ಹೊಟ್ಟೆ ಮಾತ್ರ ಕಾಣುತ್ತಿತ್ತು. ತುಂಬ ಹೊತ್ತು ಅಲ್ಲೇ ನಿಂತಿತು.

“ಹದಿನಾಲ್ಕು” ಎಂದಳು.

“ಅಕ್ಕಾ, ಇನ್ನೊಂದು ಸಲ ನೋಡಿ” ಎಂದ ಮೆಕ್ಯಾನಿಕ್.

“ಇಪ್ಪತ್ತೆರಡು ವರ್ಷದಿಂದ ಊರಿನ ಸೊಂಟ ಅಳೀತಿದೀನಪ್ಪ. ನಿನ್ನ ಟ್ಯಾಂಕಿನ ಬಾಯಿ ಏನು ದೊಡ್ಡದು? ಬರ್ಕೋ.”

ಆತ ಬರೆದುಕೊಂಡ. ನನ್ನ ಒಂದು ಗೇಣು ಏಳೂವರೆ ಅಂಗುಲ. ಮದುವೆಯ ಹೊಸತರಲ್ಲಿ ಆಕೆಯೇ ಅಳೆದು ಹೇಳಿದ್ದು. ಕತ್ತಲೆಯಲ್ಲಿ ಬಾಯಿಯ ಅಂಚಿಗೆ ಕೈಯಿಟ್ಟು ನೋಡಿದೆ. ಸರಿಯಾಗಿ ಎರಡು ಗೇಣು. ಆದರೆ ಗೇಣು ಇಲಾಖೆ ಒಪ್ಪಿದ ಮಾಪನವಲ್ಲ. ಅಳತೆಯ ವಿಷಯದಲ್ಲಿ ಆಕೆಗಿಂತ ನಾನು ಹೆಚ್ಚು ತಿಳಿದವನೂ ಅಲ್ಲ. ಆಮೇಲೆ ಮೇಲೆ ಹಾಳೆ ಹರಿಯುವ ಸದ್ದಾಯಿತು. ಯಾವ ಹಾಳೆ ಎಂದು ನಾನು ಕೇಳಲಿಲ್ಲ.

ಆದ್ದರಿಂದ, ಹದಿನೈದು ಅಂಗುಲವಿದ್ದ ಬಾಯಿ ಹದಿನಾಲ್ಕಾಗಿರುವುದು ನುರಿತವರ ಅಳತೆಯಿಂದ ಸಾಬೀತಾಗಿರುವ ಕಾರಣ, ಮತ್ತು ಸದರಿ ಕಿರಿದಾಗುವಿಕೆಯಲ್ಲಿ ನನ್ನ ಸೊಂಟದ ಪಾತ್ರವೇನೂ ಇಲ್ಲವಾದ ಕಾರಣ, ಬಾಯಿಯನ್ನು ಎರಡು ಅಂಗುಲ ಅಗಲಿಸಲು ಆದೇಶಿಸಿ, ಇದನ್ನು ಟ್ಯಾಂಕಿನ ವಯೋಸಹಜ ದೋಷವೆಂದು ನಮೂದಿಸಿ, ನನ್ನನ್ನು ನಾಳೆಯ ಪ್ರಯಾಣದಲ್ಲಿ ಎಂದಿನಂತೆ ಮುಂದುವರಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ತಮ್ಮ ತೀರ್ಮಾನ ಹೊರಬೀಳುವವರೆಗೆ, ಅಥವಾ ನಾನು ಹೊರಬೀಳುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಐದು ಗಂಟೆಗೆ ಬರುವ ನೀರಿನವರು ಪೈಪು ಜೋಡಿಸದಂತೆ ದಯವಿಟ್ಟು ತಿಳಿಸುವುದು.

ಒಳಗಿದ್ದರೂ ಹೊರಗಿದ್ದರೂ
ತಮ್ಮ ವಿಶ್ವಾಸಿ,
ಟ್ಯಾಂಕಿನ ನಿರ್ವಾಹಕ

ಲಗತ್ತುಗಳು:
ಒಂದು, ತಳ ಒರೆಸಿದ ಬಿಳಿ ಬಟ್ಟೆ, ಬಿಳಿಯಾಗಿಯೇ.
ಎರಡು, ಅಳತೆಯ ಚೀಟಿ, ಮೆಕ್ಯಾನಿಕ್ಕಿನ ಸಹಿಯೊಂದಿಗೆ.
ಮೂರು, ಎಣ್ಣೆಯ ಚೊಂಬು, ತುಂಬಿದ್ದು, ಬಳಸಿಲ್ಲ.

ಷರಾ (ನಾಲ್ಕೂವರೆ ಗಂಟೆ): ಅರ್ಜಿಯನ್ನು ಮೇಲೆ ಚಾಚುವಾಗ ಅದನ್ನು ತೆಗೆದುಕೊಂಡ ಕೈ ನನ್ನ ಕೈಯನ್ನು ಬಿಡಲಿಲ್ಲ. ಹೆಂಡತಿಯ ಕೈ, ತೋರುಬೆರಳಲ್ಲಿ ಸೂಜಿ ಚುಚ್ಚಿದ ಒರಟು.

“ಹದಿನಾಲ್ಕೇನಾ?” ಎಂದು ಮೆಲ್ಲಗೆ ಕೇಳಿದೆ.

“ಹದಿನಾಲ್ಕೇ. ಉಸಿರು ಬಿಡ್ರೀ. ಬೆಳಗ್ಗೆಯಿಂದ ಹೊಟ್ಟೆ ಉಬ್ಬಿಸ್ಕೊಂಡೇ ಕೂತಿದೀರಿ.”

ಬಿಟ್ಟೆ. ಇದ್ದದ್ದೆಲ್ಲ ಹೋಯಿತು. ಆಕೆ ಒಂದು ಕೈ ಎಳೆದಳು, ಮೆಕ್ಯಾನಿಕ್ ಇನ್ನೊಂದು ಕೈ ಎಳೆದ. ಎದೆ ಬಂತು, ಅಂಚು ಸೊಂಟವನ್ನು ಒಂದು ಕ್ಷಣ ಹಿಡಿದು ನೋಡಿ ಬಿಟ್ಟುಕೊಟ್ಟಿತು, ಮೂವರೂ ಕ್ಯಾಬಿನ್ನಿನ ನೆಲದ ಮೇಲೆ ಒಂದೇ ರಾಶಿಯಾಗಿ ಬಿದ್ದೆವು. ಒಂದು ಹನಿ ಎಣ್ಣೆಯಿಲ್ಲ. ಅರ್ಜಿಯನ್ನು ಹಿಂಪಡೆಯಲೇ ಎಂದು ಕೇಳುವುದಕ್ಕೆ ಮೊದಲೇ, ಮೂರು ತಿಂಗಳ ಹಿಂದೆ ಆಕೆ ಎರಡು ಅಂಗುಲ ಆಚೆ ಸರಿಸಿ ಹೊಲಿದಿದ್ದ ಪ್ಯಾಂಟಿನ ಗುಂಡಿ ನಮ್ಮ ಹಿಂದೆ ಟ್ಯಾಂಕಿನ ತಳಕ್ಕೆ ಬಿದ್ದು, ಉರುಳಿ ಉರುಳಿ ಎಡಮೂಲೆಯಲ್ಲಿ ನಿಂತ ಸದ್ದು ಕೇಳಿಸಿತು.