ಬರೆದೆ ಎಂದ ಪೆಟ್ಟಿಗೆ

‘ಆಯ್ತು’ ಎನ್ನುವ ಮಾತನ್ನು ನಾನೀಗ ನಂಬುವುದಿಲ್ಲ. ನಲ್ಲಿಗೆ ವಾಶರ್ ಹಾಕಿದಿರಾ ಎಂದು ಹೆಂಡತಿ ಕೇಳಿದರೆ ಆಯ್ತು ಅನ್ನುತ್ತೇನೆ. ಭಾಲ್ಕಿಯ ಅಕ್ಕನಿಗೆ ಫೋನ್ ಮಾಡಿದಿರಾ ಎಂದರೂ ಆಯ್ತು. ಎರಡೂ ಆಗಿರುವುದಿಲ್ಲ. ಆದರೆ ಈ ಚಟ ಕಂಪ್ಯೂಟರಿಗೂ ಇದೆಯೆಂದು ಗೊತ್ತಿರಲಿಲ್ಲ.

ಬೀದರಿನ ನಮ್ಮ ಚರ್ಚಿನ ಆಫೀಸಿನಲ್ಲಿ ನಾನು ಗುಮಾಸ್ತ. ಅಲ್ಲಿಯ ಕಂಪ್ಯೂಟರ್ ಒಂದು ಭಾನುವಾರ ಪ್ರಾರ್ಥನೆಯ ನಡುವೆ ಕುಂಯ್ ಕುಂಯ್ ಎಂದು ಶುರುಮಾಡಿತು. ಪಾಸ್ಟರು ಕಣ್ಣು ತೆರೆದು ನನ್ನನ್ನೇ ನೋಡಿದರು. ಮರುದಿನ ರಿಪೇರಿಯ ರಫೀಕ್ ಭಾಯಿ ಬಂದ. “ಸಾಬ್, ಡಿಸ್ಕ್ ನಡಸೋ ಕಾರ್ಡಿನ ಬ್ಯಾಟರಿ ಸತ್ತದ, ಅದಕ್ಕ ಒದರ್ತದ. ನೀವು ಬರ್ದಿದ್ದು ಅದು ಮೊದಲ ಕ್ಯಾಶ್ ಅಂತ ತನ್ನ ತಾತ್ಕಾಲಿಕ ನೆನಪಿನಾಗ ಇಟ್ಕೊಂಡು ‘ಬರ್ದೆ’ ಅಂತದ. ಡಿಸ್ಕಿಗಿ ಆಮ್ಯಾಲ ಹಾಕ್ತದ. ಬ್ಯಾಟರಿ ಇಲ್ದಾಗ ನಡಕ ಕರೆಂಟ್ ಹೋದ್ರ ಖಲ್ಲಾಸ್! ಬ್ಯಾಟರಿ ಬರೋತನಕ ಕ್ಯಾಶ್ ಬಂದ್ ಇಡ್ರಿ.” ಬಂದ್ ಇಟ್ಟರೆ ಕೆಲಸ ಆಮೆಯಂತೆ ಸಾಗುತ್ತಿತ್ತು. ನನಗೆಲ್ಲಿಯ ತಾಳ್ಮೆ! “ಚಾಲೂ ಇಡು, ಆ ಕುಂಯ್ ಅನ್ನೋದು ಮಾತ್ರ ನಿಲ್ಲಿಸು” ಎಂದೆ. ಅವನು ಒಪ್ಪದಿದ್ದಾಗ ಕ್ಯಾಶನ್ನು ಚಾಲೂ ಬಿಟ್ಟು, ಸದ್ದಿನ ತಂತಿಯನ್ನು ನಾನೇ ಕಿತ್ತೆ. ಪಾಸ್ಟರು ಮೆಚ್ಚಿಕೊಂಡರು.

ಡಾಬಕಾ ಹಳ್ಳಿಯ ಕುಟುಂಬಗಳ ದೀಕ್ಷಾಸ್ನಾನದ ಪುಸ್ತಕ ಗೆದ್ದಲಿನ ಪಾಲಾಗಿತ್ತು. ಯಾರು ಯಾರ ಮಗ, ಯಾವ ಕೂಸಿಗೆ ಯಾರು ಹೆಸರಿಟ್ಟರು ಎಂಬುದೆಲ್ಲ ಉಳಿದಿದ್ದದ್ದು ಎಸ್ತೇರಮ್ಮನ ತಲೆಯಲ್ಲಿ. ಎಂಬತ್ತು ದಾಟಿದ ಆ ನಿವೃತ್ತ ನರ್ಸು ಔರಾದದಲ್ಲಿ ಬಸ್ಸು ಬದಲಿಸಿ ಬಂದು, ಮೂರು ದಿನ ನನ್ನೆದುರು ಕೂತು ಹೇಳಿದರು. ನಾನು ಟೈಪ್ ಮಾಡಿದೆ. ಹುಟ್ಟಿದ ದಿನವೇ ತೀರಿಕೊಂಡ ಕೂಸುಗಳ ಹೆಸರನ್ನೂ ಅವರು ಬಿಡಲಿಲ್ಲ.

“ಎಲ್ಲಾ ಬರ್ಕೊಂಡಿ ಏನಪ್ಪಾ?”

“ಆಯ್ತ್ರಿ ಆಯಿ, ಬೇಫಿಕರ್ ಹೋಗ್ರಿ.”

ಅವರು ಗೇಟು ದಾಟಿರಲಿಲ್ಲ, ಕರೆಂಟ್ ಹೋಯಿತು. ಮುದಿ ಯುಪಿಎಸ್ಸೂ ಕೈಕೊಟ್ಟಿತು. ಮತ್ತೆ ತೆರೆದರೆ ಕಡತದ ತುಂಬ ಚೌಕಗಳು, ಪ್ರಶ್ನೆಚಿಹ್ನೆಗಳು. ನಕಲು ತೆಗೆದಿಡುವುದನ್ನು ಚಹಾ ಆದಮೇಲೆ ನೋಡೋಣವೆಂದುಕೊಂಡಿದ್ದೆ, ನೋಡಿ!

ಓಡಿಹೋಗಿ ಅವರನ್ನು ಕರೆಯಬಹುದಿತ್ತು. ಇನ್ನೂ ಬಸ್ ಸ್ಟ್ಯಾಂಡಿನಲ್ಲೇ ಇದ್ದಿರಬೇಕು. ನಾಚಿಕೆಯಾಯಿತು. ಮುಂದಿನ ವಾರ ಹೇಳೋಣ, ಹಬ್ಬ ಕಳೆಯಲಿ ಎಂದು ದಿನ ದೂಡಿದೆ. ಎಸ್ತೇರಮ್ಮ ನನಗಾಗಿ ಕಾಯಲಿಲ್ಲ.

ನಿನ್ನೆ ಅವರ ಮೊಮ್ಮಗಳು ಬಂದಿದ್ದಳು. “ಅಂಕಲ್ರೀ, ಆಯಿ ಹೇಳಿದ್ದು ಎಲ್ಲಾ ನಿಮ್ಮ ಕಡಿ ಅದ ಅಂತಿದ್ಳು. ಸ್ಮರಣೆ ಕೂಟದಾಗ ಓದಬೇಕ್ರಿ, ಕೊಡ್ತೀರೇನು?”

ರಫೀಕನನ್ನು, ಕಾರ್ಡನ್ನು, ಕರೆಂಟನ್ನು ಬೈಯಲು ಬಾಯಿ ತೆರೆದೆ.

“ಅದ ಅವ್ವಾ” ಎಂದೆ, “ಸೋಮವಾರ ಬಾ.”