ನಮ್ಮ ಮೋರಿಸ್ಸಿನ ಎಡಗಾಲ ತಾಳ

ನನ್ನ ಹೆಂಡತಿ ರಮ್ಯಲತಾಗೆ ಸಂಗೀತದ ಗಂಧವಿಲ್ಲ. ಇದ್ದಿದ್ದರೆ ನಮ್ಮ ಹಳೆಯ ಮೋರಿಸ್ ಕಾರಿನ ಬುಡದಿಂದ ಹೊರಡುತ್ತಿದ್ದ ಆ ಮಧುರ ನಾದವನ್ನು ಅವಳು 'ಲಟಕ್ಕು' ಎಂದು ಕರೆಯುತ್ತಿರಲಿಲ್ಲ. ಕೊಲಂಬೋದಿಂದ ದಕ್ಷಿಣಕ್ಕಿರುವ ಕಡಲೂರು ಅಹಂಗಮದ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಂಗೀತ ಕಲಿಸಿ ನಿವೃತ್ತನಾದ ಮೇಷ್ಟ್ರು ನಾನು. ಶಬ್ದದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಈ ಕಡಲ ತೀರದಲ್ಲೇ ಇಲ್ಲ. ಅದು ಲಟಕ್ಕಲ್ಲ, ತಬಲಾದ 'ಕತ್'. ಚಕ್ರ ಗುಂಡಿಗೆ ಇಳಿದಾಗ ಒಂದು ಕತ್, ಏರಿದಾಗ ಇನ್ನೊಂದು ಕತ್, ಎರಡರ ನಡುವೆ ಸಮುದ್ರದ ಗಾಳಿ.

ಮದುವೆಯಾದ ವರ್ಷ, ಚಹಾ ತೋಟದ ಮುದಿ ಡಾಕ್ಟರೊಬ್ಬರಿಂದ ನಾನು ಈ ಕಾರು ಕೊಂಡದ್ದು. ಆಗಲೇ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಹೊಸ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ತೆಂಗಿನ ಮರಗಳ ನೆರಳು ಒಂದೊಂದೇ ಬಾನೆಟ್ಟಿನ ಮೇಲೆ ಹರಿದುಹೋಗುವುದನ್ನು ನೋಡುತ್ತ ಮಾತರದವರೆಗೆ ಹೋಗಿದ್ದೆವು. ಅವಳ ಕೂದಲು ಗಾಳಿಗೆ ಹಾರಿ ನನ್ನ ಕಣ್ಣಿಗೆ ಬೀಳುತ್ತಿತ್ತು. ಎಡಗಡೆ ಯಾವ ಊರು, ಬಲಗಡೆ ಯಾವ ಊರು ಒಂದೂ ನೆನಪಿಲ್ಲ. ಇವತ್ತಿಗೂ ನಾನು ಆ ಸ್ಟೀರಿಂಗ್ ಹಿಡಿದರೆ ಅದೇ ಮಧ್ಯಾಹ್ನದೊಳಕ್ಕೆ ಜಾರಿಬಿಡುತ್ತೇನೆ. ದಾರಿ ಕಾರಿಗೆ ಗೊತ್ತಿದೆ ಎಂಬ ಧೈರ್ಯ. (ದಾರಿಯ ಗುಂಡಿಗಳು ಅದಕ್ಕೆ ಗೊತ್ತಿಲ್ಲ ಎಂಬುದು ರಮ್ಯಲತಾಳ ವಾದ.)

ಏಪ್ರಿಲ್ಲಿನಲ್ಲಿ ಬರುವ ನಮ್ಮ ಹೊಸ ವರ್ಷಕ್ಕೆ ಎರಡು ವಾರವಿರುವಾಗ ಅವಳು ಬಾಂಬು ಹಾಕಿದಳು.

"ರೀ, ಬೀಚ್ ಹೋಟೆಲಿನ ಲಯನಲ್ ವೀರಕ್ಕೋಡಿ ಬಂದಿದ್ರು. ನಮ್ಮ ಕಾರು ಬೇಕಂತೆ."

"ಓಡಿಸಕ್ಕಾ?"

"ನಿಲ್ಲಿಸಕ್ಕೆ. ಹೋಟೆಲ್ ಲಾಬಿಯಲ್ಲಿಟ್ಟು, ಬಾನೆಟ್ ತೆಗೆದು, ಅದರೊಳಗೆ ಕಾಗದದ ಹೂವಿನ ಗಿಡ ನೆಡ್ತಾರಂತೆ. ಬಂದವರು ಫೋಟೋ ತೆಗೆಸ್ಕೊಳ್ತಾರಂತೆ."

ನನ್ನ ಮೋರಿಸ್ಸಿನ ಹೊಟ್ಟೆ ಬಗೆದು ಗೊಬ್ಬರ ತುಂಬುವುದೇ?

"ನೋಡಿ," ಎಂದಳು ರಮ್ಯಲತಾ, "ಹೊಸ ವರ್ಷದ ದಿನ ಲೊಕು ಅಕ್ಕನ ಮನೆಗೆ ದಿಕ್ವೆಲ್ಲಕ್ಕೆ ಹೋಗ್ಬೇಕು. ಹೋದ ವರ್ಷ ನಿಮ್ಮ ಲಟಕ್ಕಿಗೆ ನಾನು ಕರಿದ ಕವುಮ್ ಕಜ್ಜಾಯವೆಲ್ಲಾ ಡಬ್ಬಿಯಲ್ಲೇ ಪುಡಿಯಾಗಿ, ಅಕ್ಕ ಅದನ್ನ ಚಮಚದಲ್ಲಿ ತಿಂದ್ಲು. ಈ ಸಲ ಸದ್ದಿಲ್ಲದೆ ಹೋಗಿ ಬಂದ್ರೆ ಕಾರು ನಿಮ್ಮದು. ಒಂದು ಲಟಕ್ ಕೇಳಿಸ್ತು ಅಂದ್ರೂ ವೀರಕ್ಕೋಡಿಗೆ ಹೂಂ ಅಂತೀನಿ."

ನಾನು ಶಬ್ದಸಂಶೋಧನೆಗೆ ಇಳಿದೆ. ಮೊದಲ ಪ್ರಯೋಗದಲ್ಲಿ ನಾನು ಕಾರನ್ನು ಇರುವೆಯ ವೇಗದಲ್ಲಿ ಓಡಿಸುವುದು, ರಮ್ಯಲತಾ ಪಕ್ಕದಲ್ಲಿ ಬಗ್ಗಿ ನಡೆಯುತ್ತ ಚಕ್ರಕ್ಕೆ ಕಿವಿ ಕೊಡುವುದು ಎಂದು ತೀರ್ಮಾನವಾಯಿತು. ಅಂಚೆ ಕಚೇರಿಯ ಮುಂದಿನ ಉಬ್ಬಿನ ಮೇಲೆ ನಾಲ್ಕು ಸಲ ಹೋಗಿ ಬಂದೆವು. ಐದನೆಯ ಸಲಕ್ಕೆ ಮೀನು ಮಾರುವ ಹೆಂಗಸು ತಡೆಯಲಾರದೆ ಕೂಗಿದಳು.

"ಅಯ್ಯೋ ನೋನಾ, ಅಮ್ಮಾವ್ರೇ, ಏನೇ ಜಗಳ ಇದ್ರೂ ಹೆಂಡ್ತೀನ ಕಾರಿಗೆ ಹತ್ತಿಸ್ಕೊಳ್ಳದೆ ಹೀಗೆ ನಡೆಸ್ತಾರಾ? ಈ ಮಹತ್ತಯಾಗೆ ಮಾನ ಮರ್ಯಾದೆ ಇದೆಯಾ?"

ರಮ್ಯಲತಾ ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದಳು, "ಮುಂದಿನ ಎಡಗಡೆ ಚಕ್ರ. ಬ್ರೇಕ್ ಒತ್ತಿದಾಗ ಜೋರು. ಇನ್ನು ನಾನು ನಡೆಯಲ್ಲ."

ಮೂವತ್ತು ವರ್ಷ ಎಡಗಡೆ ಸೀಟಿನಲ್ಲಿ ಕೂತವಳಿಗೆ ಎಡಗಡೆಯದೇ ಕೇಳಿಸುವುದು ಸಹಜವೆಂದು ನಾನು ಅದನ್ನು ತಳ್ಳಿಹಾಕಿದೆ. ನನ್ನ ಪ್ರಕಾರ ನಾದ ಹಿಂದಿನ ಬಲಗಡೆಯ ಸ್ಪ್ರಿಂಗ್ ಪಟ್ಟಿಗಳಿಂದ ಹೊರಟು ಮುಂದಕ್ಕೆ ಬಂದು ಮೊಳಗುತ್ತಿತ್ತು. ಇದನ್ನು ರುಜುವಾತು ಮಾಡಲು ನನ್ನ ಬಿದಿರಿನ ಕೊಳಲಿನ ಒಂದು ತುದಿಯನ್ನು ಕಾರಿನ ತಳಕ್ಕೆ, ಇನ್ನೊಂದನ್ನು ಕಿವಿಗೆ ಹಚ್ಚಿ ಅಂಗಳದಲ್ಲಿ ಮಲಗಿದೆ. ರಮ್ಯಲತಾ ಬಂಪರಿನ ಮೇಲೆ ನಿಂತು ಕುಣಿಯಬೇಕು. ಅವಳು ಕುಣಿದಳು, ಕಾರು ತೂಗಿತು. ಕೊಳಲಿನೊಳಗೆ ದೂರದ ಅಲೆಯಂಥದ್ದೇನೋ ಕೇಳಿಸಿತು. ಮೇಲೆ ಮಾವಿನೆಲೆಗಳ ಸಂದಿಯಿಂದ ಬಿಸಿಲು ಕಣ್ಣ ಮೇಲೆ ಬೀಳುತ್ತಿತ್ತು. ಎಲ್ಲಾ ಎಷ್ಟು ಹಿತವಾಗಿತ್ತೆಂದರೆ, ಎಚ್ಚರವಾದಾಗ ಬಂಪರಿನ ಮೇಲೆ ಯಾರೂ ಇರಲಿಲ್ಲ. ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು, ಅದೂ ಸ್ವಲ್ಪ ಜೋರಾಗಿಯೇ.

ಹಿಂದಿನ ಬಲಗಡೆಯ ಪಟ್ಟಿಗಳನ್ನು ಬದಲಾಯಿಸಿದ್ದಾಯಿತು. ಕತ್ ಹಾಗೆಯೇ ಇತ್ತು. ಕೊನೆಗೆ ರಮ್ಯಲತಾ ವೆಲಿಗಮದ ಮೆಕ್ಯಾನಿಕ್ ಜಿನದಾಸ ಬಾಸನಿಗೆ ತಾನೇ ಫೋನು ಮಾಡಿದಳು. ಅವನು ಬಂದವನೇ ಮುಂದಿನ ಎಡಚಕ್ರದ ಹಿಂದೆ ಕಬ್ಬಿಣದ ಸಲಾಕೆ ತೂರಿಸಿ ಒಮ್ಮೆ ಮೀಟಿದ. ಕತ್.

"ರಬ್ಬರ್ ಬುಷ್ ಹೋಗಿದೆ ಮಹತ್ತಯಾ. ಒಳಗೆ ರಬ್ಬರೇ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ ಹೊಡೀತಿದೆ. ಯಾರು ಹೇಳಿದ್ದು ಹಿಂದ್ಗಡೆ ಅಂತ?"

ನಾನು ಮಾವಿನ ಮರ ನೋಡಿದೆ. ರಮ್ಯಲತಾ ನನ್ನನ್ನು ನೋಡಿದಳು.

ಬುಷ್ ಕೊಲಂಬೋದಿಂದ ಬರುವ ಹೊತ್ತಿಗೆ ಹಳೆಯ ವರ್ಷದ ಕೊನೆಯ ಬೆಳಿಗ್ಗೆಯಾಗಿತ್ತು. ಬಾಸ್ ಕಾರನ್ನು ಜಾಕಿನ ಮೇಲೆತ್ತಿ, ಚಕ್ರ ಕಳಚಿ, ಹೊಸ ಬುಷ್ ತೂರಿಸಿ ನಟ್ಟು ತಿರುಗಿಸುತ್ತಿದ್ದ. ಅಷ್ಟರಲ್ಲಿ ದೇವಸ್ಥಾನದ ಗಂಟೆ ಹೊಡೆಯಿತು. ನೊನಗತೆ ಶುರುವಾಗಲು ಹತ್ತೇ ನಿಮಿಷ. ಹಳೆಯ ವರ್ಷ ಮುಗಿದು ಹೊಸದು ಕಾಲೂರುವ ಆ ನಡುವಿನ ಹೊತ್ತಿನಲ್ಲಿ ಯಾರೂ ಯಾವ ಕೆಲಸವನ್ನೂ ಮಾಡುವಂತಿಲ್ಲ. ಒಲೆ ಉರಿಯದು, ಪೊರಕೆ ಅಲುಗದು. ಬಾಸ್ ಸ್ಪ್ಯಾನರು ಕೆಳಗಿಟ್ಟು ಸೈಕಲ್ಲೇರಿದ.

"ನಟ್ಟು ಬರೀ ಕೈಯಲ್ಲಿ ತಿರುಗಿಸಿದೀನಿ ಮಹತ್ತಯಾ. ಚಕ್ರ ನೆಲಕ್ಕೆ ಬಂದು, ಕಾರಿನ ಭಾರ ಪೂರ್ತಿ ಕೂತ ಮೇಲೇನೇ ಬಿಗೀಬೇಕು. ಜಾಕ್ ಮೇಲಿರುವಾಗ ಮುಟ್ಬೇಡಿ. ನಾಳೆ ಹತ್ತು ಗಂಟೆಗೆ ನಾನೇ ಬರ್ತೀನಿ."

"ಆಯ್ತು ಬಾಸ್."

ಇಡೀ ಹಗಲು ಊರು ಉಸಿರು ಹಿಡಿದು ಕೂತಿತ್ತು. ನಾನು ವರಾಂಡದ ಕುರ್ಚಿಯಲ್ಲಿ ಕೂತು ಮೂರು ಕಾಲಿನ ಮೇಲೆ ನಿಂತ ನನ್ನ ಮೋರಿಸ್ಸನ್ನು ನೋಡುತ್ತಿದ್ದೆ. ಕೋಗಿಲೆಯೊಂದು ಮಾತ್ರ ಪಂಚಾಂಗ ಓದದೆ ಕೂಗುತ್ತಿತ್ತು. ಲಾಬಿಯ ತಣ್ಣನೆಯ ನೆಲ, ಬಾನೆಟ್ಟಿನಲ್ಲಿ ಗುಲಾಬಿ ಬಣ್ಣದ ಹೂವು, ಮುಂದೆ ಹಲ್ಲು ಕಿರಿಯುವ ಪ್ರವಾಸಿಗಳು, ಹೀಗೆ ಏನೇನೋ ಕಣ್ಣ ಮುಂದೆ ತೇಲಿದವು. ನನಗೆ ನಿಜವಾಗಿಯೂ ಅಳು ಬಂತು.

ಅದೇ ಹೊತ್ತಿನಲ್ಲಿ ಮಹತ್ತಾದ ಯೋಚನೆಯೊಂದು ಹೊಳೆಯಿತು. ಹೊಸ ವರ್ಷದ ಮೊದಲ ಕೆಲಸಕ್ಕೆ ಮುಹೂರ್ತ ನಾಳೆ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ, ದಕ್ಷಿಣಕ್ಕೆ ಮುಖ ಮಾಡಿ. ಆ ಕ್ಷಣಕ್ಕೆ ಹಿಡಿದ ಕೆಲಸ ವರ್ಷವಿಡೀ ಸಿದ್ಧಿಸುತ್ತದೆ. ಮಕ್ಕಳು ಪುಸ್ತಕದ ಪುಟ ಓದುತ್ತಾರೆ, ದರ್ಜಿ ಒಂದು ಹೊಲಿಗೆ ಹಾಕುತ್ತಾನೆ, ನಾನು ಪ್ರತಿವರ್ಷ ನನ್ನ ಸರ್ಪಿನ ಹಾರ್ಮೋನಿಯಂ ಮೇಲೆ ಒಂದು ರಾಗ ನುಡಿಸುತ್ತೇನೆ. ಈ ಸಲ ಆ ಕ್ಷಣವನ್ನು ಮೋರಿಸ್ಸಿನ ನಟ್ಟಿಗೆ ಧಾರೆ ಎರೆದರೆ? ಬಾಸನಿಗೆ ಕಬ್ಬಿಣ ಗೊತ್ತು, ಒಪ್ಪಿದೆ. ಕಾಲದ ಗತಿ ಗೊತ್ತಿರುವುದು ಸಂಗೀತಗಾರನಿಗೆ. ಹತ್ತು ಗಂಟೆಗೆ ಬಂದು ಬಿಗಿದರೆ ಅದು ಬರೀ ರಿಪೇರಿ, ಏಳು ಹನ್ನೆರಡಕ್ಕೆ ಬಿಗಿದರೆ ಸಿದ್ಧಿ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಬಾಸನಿಗೆ ಫೋನು ಮಾಡಿ, "ನೀವು ಬರೋದು ಬೇಡ, ಹೆಂಡ್ತಿ ಮಕ್ಕಳ ಜೊತೆ ಹಬ್ಬ ಮಾಡಿ," ಎಂದು ಔದಾರ್ಯ ಮೆರೆದೆ.

ನಮ್ಮ ಕಾರು ಪೂರ್ವಕ್ಕೆ ಮುಖ ಮಾಡಿತ್ತು. ದಕ್ಷಿಣಕ್ಕೆ ಮುಖ ಬರಬೇಕಾದರೆ ನಾನು ಅದರಡಿ ಅಡ್ಡಲಾಗಿ ಮಲಗಬೇಕು. ಹಾಗೆ ಮಲಗಿದರೆ ಕಾಲುಗಳು ಬಚ್ಚಲಿನ ಮೋರಿಗೆ ಬೀಳುತ್ತಿದ್ದವು. ಬೀಳಲಿ ಎಂದೆ. ಹೊಸ ಸರೋಂಗ್ ಉಟ್ಟು, ಕೈಯಲ್ಲಿ ಸ್ಪ್ಯಾನರು ಹಿಡಿದು ಕಾದೆ. ಊರಿನ ಪಟಾಕಿಗಳೆಲ್ಲ ಒಟ್ಟಿಗೆ ಸಿಡಿದವು. ಅಕ್ಕಪಕ್ಕದ ಮನೆಗಳಲ್ಲಿ ಹೆಂಗಸರು ದೊಡ್ಡ ರಬಾನ ಡೋಲು ಬಾರಿಸತೊಡಗಿದರು. ನಾನು ಕಣ್ಣು ಮುಚ್ಚಿ, ನನ್ನ ಇಡೀ ಆಯುಷ್ಯದ ಬಲವನ್ನು ತೋಳಿಗೆ ತಂದು, ಆ ನಟ್ಟನ್ನು ಬಿಗಿದೆ. ಇನ್ನು ಸಾಧ್ಯವಿಲ್ಲ ಎನ್ನಿಸಿದ ಮೇಲೂ ಅರ್ಧ ಸುತ್ತು ಬಿಗಿದೆ. ಆಮೇಲೆ ಚಕ್ರ ಹಾಕಿ ಜಾಕು ಇಳಿಸಿದೆ. ಕೆಳಗಿಳಿಯುವಾಗ ಕಾರು ಮುಲುಗಿತು. ಅದನ್ನು ನಾನು ತೃಪ್ತಿಯ ನಿಟ್ಟುಸಿರೆಂದುಕೊಂಡೆ.

ಕಿರಿಬತ್ ಎಂಬ ಹಾಲನ್ನದ ಊಟ ಮುಗಿಸಿ ಹೊರಟೆವು. ರಮ್ಯಲತಾ ಕವುಮ್ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಗೇಟಿನ ತಗ್ಗು ದಾಟಿದೆವು. ಕತ್ ಇಲ್ಲ! ಅದರ ಜಾಗದಲ್ಲಿ ಎಳೆ ಕರುವಿನಂತೆ ಒಂದು ಸಣ್ಣ 'ಕುಂಯ್' ಕೇಳಿಸಿತು.

"ಅದೇನದು?"

"ಹೊಸ ರಬ್ಬರು. ಚಪ್ಪಲಿ ಹೊಸದಾದ್ರೆ ಸದ್ದು ಮಾಡಲ್ವಾ?"

ಸಮುದ್ರ ಹೊಳೆಯುತ್ತಿತ್ತು. ಹೆಂಡತಿಯ ಕೂದಲು ನರೆತಿದ್ದರೂ ಅದೇ ಗಾಳಿಗೆ ಹಾರುತ್ತಿತ್ತು. ನಾನು ನಮ್ಮ ಆ ಹಳೆಯ ಮಧ್ಯಾಹ್ನದೊಳಕ್ಕೆ ಮೆಲ್ಲಗೆ ಜಾರಿದೆ. ಹಾಗಾಗಿ ವೆಲಿಗಮದ ತಿರುವಿನಲ್ಲಿ ಹಬ್ಬದ ಸೈಕಲ್ ರೇಸು ರಸ್ತೆಗೆ ಅಡ್ಡಬಂದದ್ದು ನನಗೆ ಕಾಣಿಸಿದ್ದು ರಮ್ಯಲತಾ ಕಿರುಚಿದ ಮೇಲೆಯೇ. ಬ್ರೇಕು ತುಳಿದೆ. ಕುಂಯ್ ಎಂಬುದು ಕರ್ರ್ ಆಗಿ, ಕರ್ರ್ ಎಂಬುದು ಪಟ್ಟನೆ ಹರಿದು, ಕೊನೆಗೆ ಇಡೀ ರಸ್ತೆ ತಿರುಗಿ ನೋಡುವಂಥ ಒಂದು 'ಕತ್' ಹೊರಟಿತು. ಇಬ್ಬರು ಸವಾರರು ಬೆಚ್ಚಿ ಸೈಕಲ್ಲಿನಿಂದ ಇಳಿದರು. ಕವುಮ್ ಡಬ್ಬಿ ರಮ್ಯಲತಾಳ ಮಡಿಲಿನಿಂದ ಹಾರಿ ನೆಲ ಸೇರಿತು.

ಅವಳು ಡಬ್ಬಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡಿದಳು. ಒಳಗೆಲ್ಲಾ ಪುಡಿ.

ಬಾಸನ ಮನೆ ಅಲ್ಲಿಂದ ನೂರು ಮಾರು. ಬಾಯಲ್ಲಿ ಬಾಳೆಹಣ್ಣು ಇಟ್ಟುಕೊಂಡೇ ಅವನು ಕಾರಿನಡಿ ತೂರಿದ. ತುಸು ಹೊತ್ತಿನ ಮೇಲೆ ತುಂಡಾದ ಕರಿ ರಬ್ಬರೊಂದನ್ನು ಕೈಯಲ್ಲಿ ಹಿಡಿದು ಹೊರಬಂದ.

"ಜಾಕ್ ಮೇಲೇ ಬಿಗಿದ್ರಾ ಮಹತ್ತಯಾ?"

"ಮುಹೂರ್ತ ಇತ್ತು ಬಾಸ್," ಎಂದೆ ಹುಳ್ಳಗೆ.

"ಹೊಟ್ಟೆ ಒಳಗೆಳ್ಕೊಂಡು ಬೆಲ್ಟ್ ಬಿಗಿದು, ಆಮೇಲೆ ಹಬ್ಬದ ಊಟಕ್ಕೆ ಕೂತಂಗಾಯ್ತು ಇದು. ಭಾರ ಕೂತ ತಕ್ಷಣ ಒಳಗಿನ ರಬ್ಬರು ತಿರುಚ್ಕೊಂಡು ಹರಿದೋಯ್ತು. ಮುಹೂರ್ತ ನೋಡೋದು ಮನುಷ್ಯರಿಗೆ. ಬುಷ್‌ಗೆ ನೆಲ ಸಾಕು."

ಅವನ ಬಳಿ ಇನ್ನೊಂದು ಬುಷ್ ಇತ್ತು. ಹಾಕಿ, ಕಾರನ್ನು ನೆಲಕ್ಕಿಳಿಸಿ, ನಮ್ಮಿಬ್ಬರನ್ನೂ ಒಳಗೆ ಕೂರಿಸಿ, ಆಮೇಲೆ ಬಿಗಿದ. ರಮ್ಯಲತಾ ಕೆಳಗಿಳಿದು ನನ್ನ ಕಡೆಯ ಬಾಗಿಲು ತೆಗೆದಳು.

"ಆ ಕಡೆ ಸರೀರಿ."

"ನಿನಗೆ ಓಡಿಸಕ್ಕೆ..."

"ಲೈಸೆನ್ಸ್ ತಗೊಂಡು ಹತ್ತೊಂಬತ್ತು ವರ್ಷ ಆಯ್ತು. ನೀವು ಒಂದಿನಾನೂ ಕೀ ಕೊಟ್ಟಿಲ್ಲ."

ಅವಳು ಗುಂಡಿಗಳನ್ನು ಬಳಸಿಕೊಂಡು, ತಿರುವುಗಳಲ್ಲಿ ಮೊದಲೇ ನಿಧಾನಿಸಿಕೊಂಡು ದಿಕ್ವೆಲ್ಲದವರೆಗೆ ಓಡಿಸಿದಳು. ಒಂದು ಕತ್ ಇಲ್ಲ, ಒಂದು ಕುಂಯ್ ಇಲ್ಲ. ನನಗೋ ಮಡಿಲಲ್ಲಿದ್ದ ಕವುಮ್ ಪುಡಿಯ ಡಬ್ಬಿ ನೋಡುತ್ತ ಕೂರುವುದೊಂದೇ ಕೆಲಸ. ಆದರೆ ಪಂದ್ಯ ಪಂದ್ಯವೇ. ವೆಲಿಗಮದ ಆ ಕತ್ ಇಡೀ ಊರಿಗೇ ಕೇಳಿಸಿತ್ತು.

ಮೂರನೆಯ ದಿನ ವೀರಕ್ಕೋಡಿ ಬಂದರು. ನಾನು ಹೊರಗೆ ಹೋಗಲಿಲ್ಲ. ಒಳಕೋಣೆಯಲ್ಲಿ ಕೂತು, ಕಣ್ಣೀರು ಒರೆಸಿಕೊಳ್ಳುತ್ತ ಸರ್ಪಿನದ ಮೇಲೆ ಬೀಳ್ಕೊಡುಗೆಯ ರಾಗವೊಂದನ್ನು ನುಡಿಸುತ್ತಿದ್ದೆ. ವರಾಂಡದಿಂದ ಮಾತು ಕೇಳಿಸಿತು.

"ಕಾರು ಕೊಡಲ್ಲ ಮಹತ್ತಯಾ. ಚೆನ್ನಾಗಿ ಓಡ್ತಿದೆ. ಓಡೋದನ್ನ ಯಾರಾದ್ರೂ ನಿಲ್ಲಿಸ್ತಾರಾ?"

ನನ್ನ ಕೈ ಸರ್ಪಿನದ ಮೇಲೆ ನಿಂತುಹೋಯಿತು. ರಮ್ಯಲತಾ! ನನ್ನ ಬಂಗಾರ!

"ಮತ್ತೆ ಲಾಬಿಗೆ ಏನು ಮಾಡ್ಲಿ ನೋನಾ? ಹಳೇದಾಗಿರ್ಬೇಕು, ಚೆಂದ ಕಾಣ್ಬೇಕು, ಜಾಗ ಬಿಟ್ಟು ಅಲ್ಲಾಡ್ಬಾರದು. ಅಂಥದ್ದು ಎಲ್ಲಿ ಸಿಗುತ್ತೆ?"

ಹೊರಗೆ ಕುರ್ಚಿಗಳು ಸರಿದ ಸದ್ದಾಯಿತು. ಆಮೇಲೆ ಇಬ್ಬರೂ ಬಾಗಿಲಲ್ಲಿ ಬಂದು ನಿಂತರು. ವೀರಕ್ಕೋಡಿ ತಲೆ ಓರೆ ಮಾಡಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

ಈಗ ಪ್ರತಿದಿನ ಸಂಜೆ ನಾಲ್ಕರಿಂದ ಆರೂವರೆಯವರೆಗೆ ನಾನು ಬೀಚ್ ಹೋಟೆಲಿನ ಲಾಬಿಯಲ್ಲಿ ಬಿಳಿ ಜುಬ್ಬ ತೊಟ್ಟು, ಹೆಗಲಿಗೆ ಶಾಲು ಹೊದ್ದು ಸರ್ಪಿನ ನುಡಿಸುತ್ತೇನೆ. ನನ್ನ ಎರಡೂ ಪಕ್ಕ ಕಾಗದದ ಹೂವಿನ ಕುಂಡಗಳಿವೆ. ಬಂದವರು ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಒಬ್ಬಿಬ್ಬರು ಮುಟ್ಟಿಯೂ ನೋಡುತ್ತಾರೆ. ಆರೂವರೆಗೆ ರಮ್ಯಲತಾ ಕರೆದೊಯ್ಯಲು ಬರುತ್ತಾಳೆ. ಕಾರು ಈಗ ಸದ್ದೇ ಮಾಡುವುದಿಲ್ಲವಾದ್ದರಿಂದ ಬಂದದ್ದು ನನಗೆ ತಿಳಿಯುವುದಿಲ್ಲ. ಅವಳು ಎರಡು ಸಲ ಹಾರನ್ ಒತ್ತಬೇಕು.